180 ಮತ್ತು 650 ಮಿ.ಲೀ. ಮದ್ಯದ ಲೇಬಲ್: ಎಚ್ಚರಿಕೆ ಅಕ್ಷರ ಎಷ್ಟು ದೊಡ್ಡದಿರಬೇಕು?

ಪ್ರಶ್ನೆ: 650 ಮಿ.ಲೀ. ಬಾಟಲಿಯ ಆರ್ಟ್‌ವರ್ಕನ್ನೇ ಕುಗ್ಗಿಸಿ 180ಕ್ಕೂ ಹಾಕಬಹುದಾ ಸರ್? ಅದೇ ಹೆಸರಲ್ಲಿ ಸೋಡಾ ಜಾಹೀರಾತು ಕೊಟ್ಟರೆ ನಡೆಯುತ್ತಾ?

ಉತ್ತರ 1: ಕುಗ್ಗಿಸುವಾಗಲೇ ಎಡವೋದು. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ಮದ್ಯ ನಿಯಮದಂತೆ 200 ಮಿ.ಲೀ.ವರೆಗೆ ಅಕ್ಷರದ ಎತ್ತರ ಕನಿಷ್ಠ 1.5 ಮಿ.ಮೀ., ಅದಕ್ಕೂ ದೊಡ್ಡದಕ್ಕೆ 3 ಮಿ.ಮೀ. ಪಿಡಿಎಫ್ ನಂಬಬೇಡಿ, ನಿಜ ಅಳತೆಯಲ್ಲೇ ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟು ನೋಡಿ.

ಉತ್ತರ 2: ಜೊತೆಗೆ, ಕ್ಯಾಲೊರಿ ಬೇಕಿದ್ದರೆ ಬರೆಯಿರಿ. ಬೇರೆ ಪೋಷಕಾಂಶದ ಪಟ್ಟಿ, ಆರೋಗ್ಯಕ್ಕೆ ಒಳ್ಳೆಯದೆಂಬ ಮಾತು ಕೂಡದು.

ಉತ್ತರ 3: ಸೋಡಾ ವಿಷಯದಲ್ಲಿ ಹುಷಾರು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ (ಸಿಸಿಪಿಎ) 2022ರ ಮಾರ್ಗಸೂಚಿ ಬದಲಿ ಜಾಹೀರಾತನ್ನು, ಅಂದರೆ ಬೇರೆ ವಸ್ತುವಿನ ನೆಪದಲ್ಲಿ ಮದ್ಯದ ಪ್ರಚಾರ ಮಾಡೋದನ್ನು, ನಿಷೇಧಿಸಿದೆ. ಹೆಸರು ಒಂದೇ ಅನ್ನೋದಷ್ಟೇ ತಪ್ಪಾಗಲ್ಲ. ಬಣ್ಣ, ಲೋಗೊ, ವಿನ್ಯಾಸ ಸೇರಿ ಮದ್ಯದ ಬಾಟಲಿಯನ್ನೇ ನೆನಪಿಸಿದರೆ ಸಿಕ್ಕಿಬೀಳುತ್ತೀರಿ. ಮೊದಲ ಸಲವೇ ದಂಡ 10 ಲಕ್ಷದವರೆಗೆ ಹೋಗಬಹುದು.