ದೋರು ಕಣಿವೆ ಬಗ್ಗೆ ಯಾವ ಪುಸ್ತಕ ಓದಲಿ?

ಕಂಕನಾಡಿ ಓದುಗ: ಸೆಪ್ಟೆಂಬರ್‌ನಲ್ಲಿ ಪೋರ್ಚುಗಲ್‌ಗೆ ಹೋಗುವುದುಂಟು. ಪೋರ್ಟ್ ವೈನ್ ಹುಟ್ಟಿದ ದೋರು ಕಣಿವೆ ನೋಡಬೇಕು. ಕ್ರಿಸ್ಮಸ್‌ಗೆ ಮನೆಯಲ್ಲೇ ದ್ರಾಕ್ಷಿ ವೈನ್ ಮಾಡುವವರು ನಾವು, ಗೋವಾದ ಸಿಹಿ ಪೋರ್ಟ್ ಬಾಟ್ಲಿಯೂ ಗೊತ್ತು. ಅದರಾಚೆ ಏನೂ ಗೊತ್ತಿಲ್ಲ. ಆ ಜಾಗದ ಇತಿಹಾಸವೂ ಬೇಕು, ಇವತ್ತು ಅಲ್ಲಿ ಏನು ನಡೆಯುತ್ತಿದೆ ಅಂತಲೂ ಬೇಕು. ಯಾವ ವೈನಿಗೆ ಎಷ್ಟು ಮಾರ್ಕು ಅಂತ ಹೇಳುವ ಪುಸ್ತಕ ಬೇಡ.

ಹಳೇ ಬಂದರು: ಜಾಸ್ತಿ ಹುಡುಕಬೇಡಿ. ರಿಚರ್ಡ್ ಮೇಸನ್ ಅವರ ‘ಪೋರ್ಟ್ ಆ್ಯಂಡ್ ದ ದೋರು’ ತರಿಸಿ. ಮೊದಲು ಬಂದದ್ದು 1999ರಲ್ಲಿ, ಆಮೇಲೆ ತಿದ್ದಿ ಮತ್ತೆ ಮತ್ತೆ ಅಚ್ಚಾಗಿದೆ. ಇತಿಹಾಸ, ತೋಟ, ದ್ರಾಕ್ಷಿ ತಳಿ, ವೈನ್ ಮಾಡುವ ಕ್ರಮ, ಕಂಪನಿಗಳ ಪರಿಚಯ ಎಲ್ಲ ಉಂಟು. ಒಂದೇ ಪುಸ್ತಕ ಸಾಕು.

ಸುರತ್ಕಲ್ ಸುಮ್ನೆ: ಯೂಟ್ಯೂಬ್ ಇರುವಾಗ ಪುಸ್ತಕ ಎಂಥಕ್ಕೆ?

ಮಣಿಪಾಲದಕ್ಕ: ವಿಡಿಯೊದಲ್ಲಿ ಬೆಟ್ಟ, ನದಿ ಚಂದ ಕಾಣುತ್ತದೆ. ಆ ಬೆಟ್ಟಕ್ಕೆ ಮೆಟ್ಟಿಲು ಕಡಿದವರು ಯಾರು ಅಂತ ಕಾಣುವುದಿಲ್ಲ. ಬಂದರಿನವರೇ, ಮೇಸನ್ ಬಗ್ಗೆ ತಕರಾರಿಲ್ಲ. ಆದರೆ ಒಂದೇ ಸಾಕು ಅನ್ನುವುದನ್ನು ಒಪ್ಪಲಾರೆ. ಪೋರ್ಟ್ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಹಳೆಯ ಬರಹ ಹೆಚ್ಚಿನದು ಇಂಗ್ಲಿಷ್ ವ್ಯಾಪಾರಿಗಳ ಕಡೆಯಿಂದ ನೋಡಿದ್ದು. 1703ರ ಮೆಥುವೆನ್ ಒಪ್ಪಂದದಿಂದ ಇಂಗ್ಲೆಂಡಿನಲ್ಲಿ ಪೋರ್ಚುಗೀಸ್ ವೈನಿಗೆ ಫ್ರೆಂಚ್ ವೈನಿಗಿಂತ ಕಡಿಮೆ ಸುಂಕ ಬಿತ್ತು. ವ್ಯಾಪಾರ ಬೆಳೆಯಿತು, ಕಲಬೆರಕೆಯೂ ಬೆಳೆಯಿತು. ಕೊನೆಗೆ ಬೆಲೆ ಕುಸಿಯಿತು. 1756ರಲ್ಲಿ ಪೋರ್ಚುಗಲ್‌ನ ಮಂತ್ರಿ ಪೊಂಬಾಲ್ ಒಂದು ಕಂಪನಿ ಕಟ್ಟಿ ಪೋರ್ಟ್ ಸೀಮೆಗೆ ಗಡಿ ಹಾಕಿಸಿದ, ಗ್ರಾನೈಟ್ ಕಲ್ಲು ನೆಡಿಸಿದ. ಬಣ್ಣಕ್ಕೆಂದು ವೈನಿಗೆ ಹಣ್ಣು ಬೆರೆಸುತ್ತಿದ್ದರಲ್ಲ, ಆ ಎಲ್ಡರ್‌ಬೆರಿ ಗಿಡಗಳನ್ನೇ ಕೀಳಿಸಿದ. ವ್ಯಾಪಾರಿಗಳ ಲೆಕ್ಕದಲ್ಲಿ ಇದು ದಬ್ಬಾಳಿಕೆ. ಮರುವರ್ಷ ಪೋರ್ಟೊ ನಗರದ ಹೆಂಡದಂಗಡಿಯವರು ದಂಗೆ ಎದ್ದರು, ಕೆಲವರನ್ನು ಗಲ್ಲಿಗೆ ಹಾಕಿದರು. ಇದಕ್ಕೆ ಪುಸ್ತಕದಲ್ಲಿ ಎಷ್ಟು ಜಾಗ ಕೊಟ್ಟಿದ್ದಾರೆ ನೋಡಿ. ನಾನು ಅಲ್ಲಿಂದಲೇ ಪುಸ್ತಕ ಅಳೆಯುವುದು.

ಹಳೇ ಬಂದರು: ಅಕ್ಕ, ವ್ಯಾಪಾರಿಗಳು ಬರೆದದ್ದೆಲ್ಲ ತುತ್ತೂರಿ ಅಲ್ಲ. ಜೋಸೆಫ್ ಜೇಮ್ಸ್ ಫಾರೆಸ್ಟರ್ ವ್ಯಾಪಾರಿಯೇ. ವೈನಿಗೆ ಬ್ರಾಂಡಿ ಸುರಿಯುವುದನ್ನು, ಕಲಬೆರಕೆಯನ್ನು 1844ರಲ್ಲೇ ಬಯ್ದು ಬರೆದ. ತನ್ನ ಕಸುಬಿನವರನ್ನೇ ಎದುರು ಹಾಕಿಕೊಂಡ. ದೋರು ನದಿಯ ನಕ್ಷೆ ಮಾಡಿದವನೂ ಅವನೇ. 1861ರಲ್ಲಿ ಅದೇ ನದಿಯಲ್ಲಿ ದೋಣಿ ಮಗುಚಿ ಸತ್ತ.

ಮಣಿಪಾಲದಕ್ಕ: ಅದೇ ದೋಣಿಯಲ್ಲಿ ದೋರುವಿನ ತೋಟದೊಡತಿ ದೋನ ಅಂತೋನಿಯ ಫೆರೇರ ಇದ್ದರು, ಬದುಕಿದರು. ಅಗಲ ಲಂಗ ನೀರಲ್ಲಿ ತೇಲಿಸಿತು ಅನ್ನುವ ಕತೆ ಯಾವ ಪುಸ್ತಕ ತೆರೆದರೂ ಸಿಗುತ್ತದೆ. ಆಕೆ ಬೇರು ತಿನ್ನುವ ಫಿಲಾಕ್ಸೆರಾ ಕೀಟದ ಕಾಟದ ಕಾಲದಲ್ಲಿ ಎಂಥೆಂಥ ತೋಟ ಎಬ್ಬಿಸಿದರು ಅನ್ನುವುದಕ್ಕೆ ಎರಡೇ ಸಾಲು! ಆಗ ಬಿಟ್ಟುಹೋದ ಮೆಟ್ಟಿಲುಗಳು ಇವತ್ತಿಗೂ ಪಾಳು ಬಿದ್ದಿವೆ. ಹೋದಾಗ ಗಮನಿಸಿ.

ಕಾಪು ಲೈಟ್‌ಹೌಸ್: ನಾನು ಹಡಗಿನಲ್ಲಿ ಕೆಲಸ ಮಾಡಿದವ. ಪೋರ್ಟೊದಲ್ಲಿ ಇಳಿದದ್ದುಂಟು, ಆದರೆ ಕಣಿವೆಗೆ ಹೋಗಿಲ್ಲ. ಖರ್ಚಿಲ್ಲದ ದಾರಿ ಹೇಳುತ್ತೇನೆ. ಹೆನ್ರಿ ವಿಜಿಟೆಲಿ 1880ರಲ್ಲಿ ಪೋರ್ಟ್ ಮತ್ತು ಮದೀರಾ ವೈನ್ ಬಗ್ಗೆ ಒಂದು ಪುಸ್ತಕ ಬರೆದಿದ್ದಾನೆ. ಹಕ್ಕು ಮುಗಿದ ಪುಸ್ತಕ, ಸ್ಕ್ಯಾನ್ ಪುಕ್ಕಟೆ ಸಿಗುತ್ತದೆ. ಚಿತ್ರಗಳು ಬಹಳ ಚಂದ. ಅಣೆಕಟ್ಟು ಬರುವ ಮೊದಲಿನ ನದಿ, ಪೀಪಾಯಿ ಹೊತ್ತ ರಬೇಲು ದೋಣಿ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಈಗ ಆ ದೋಣಿಗಳು ಬಂದರಲ್ಲಿ ಜಾಹೀರಾತಿಗೆ ನಿಂತಿರುತ್ತವೆ, ಅಷ್ಟೆ.

ಕಂಕನಾಡಿ ಓದುಗ: ಇದು ಒಳ್ಳೆಯದಾಯಿತು. ಈಗಿನ ಕತೆಗೆ ಏನು ಓದಲಿ?

ಹಳೇ ಬಂದರು: ಒಂದು ಸುಲಭ ಲೆಕ್ಕ ಉಂಟು. ಪುಸ್ತಕ 1986ಕ್ಕಿಂತ ಹಿಂದಿನದಾದರೆ ಇತಿಹಾಸಕ್ಕೆ ಮಾತ್ರ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಪೋರ್ಟ್ ರಫ್ತಾಗಬೇಕಾದರೆ ಪೋರ್ಟೊ ಎದುರಿನ ಗಾಯಾದ ಗೋದಾಮಿನಿಂದಲೇ ಹೋಗಬೇಕಿತ್ತು. ಆ ನಿಯಮ ಸಡಿಲಾದ ಮೇಲೆ ತೋಟದವರು ತಾವೇ ಬಾಟ್ಲಿ ತುಂಬಿ ಕಳಿಸತೊಡಗಿದರು. ಅದರ ಜೊತೆ ಸಿಹಿಯಿಲ್ಲದ ಮಾಮೂಲಿ ಕೆಂಪು ವೈನ್ ಕೂಡ ಬೆಳೆಯಿತು. ‘ಬಾರ್ಕ ವೆಲ್ಯ’ 1952ರಲ್ಲೇ ಬಂದಿತ್ತು, ಅದರ ಮೊದಲ ದ್ರಾಕ್ಷಿ ಬಂದದ್ದು ದೋನ ಅಂತೋನಿಯ ಎಬ್ಬಿಸಿದ ವಾಲೆ ಮೆಯಾಂವ್ ತೋಟದಿಂದ. ಅಕ್ಕನಿಗೆ ಖುಷಿಯಾಗಬಹುದು. ಆದರೆ ಇಂಥ ವೈನ್ ಮಾಡುವವರು ಹೆಚ್ಚಾದದ್ದು ತೊಂಬತ್ತರ ದಶಕದಲ್ಲಿ. ಇದಿಲ್ಲದ ಪುಸ್ತಕ ಈಗಿನ ದೋರುವನ್ನು ಹೇಳಿದ ಹಾಗೇ ಅಲ್ಲ.

ಮಣಿಪಾಲದಕ್ಕ: ಇದನ್ನು ಒಪ್ಪಿದೆ. ಇನ್ನೂ ಒಂದು ಸೇರಿಸಿ. ಯಾವ ತೋಟದ ಎಷ್ಟು ದ್ರಾಕ್ಷಿ ಪೋರ್ಟ್ ಆಗಬಹುದು ಅಂತ ಪ್ರತಿವರ್ಷ ಪಾಲು ಹಂಚುತ್ತಾರೆ, ‘ಬೆನೆಫಿಸಿಯು’ ಅಂತ. ಮಣ್ಣು, ಎತ್ತರ, ಇಳಿಜಾರು, ಬಳ್ಳಿಯ ವಯಸ್ಸು ನೋಡಿ ತೋಟಕ್ಕೆ ದರ್ಜೆ. ಪೋರ್ಟಿಗೆ ಹೋಗುವ ದ್ರಾಕ್ಷಿಗೆ ಬೆಲೆ ಜಾಸ್ತಿ, ಉಳಿದದ್ದಕ್ಕೆ ಕಡಿಮೆ. ಇತ್ತೀಚೆಗೆ ಪಾಲು ಇಳಿಯುತ್ತಿದೆ, ಸಣ್ಣ ಬೆಳೆಗಾರರು ಸಿಟ್ಟಾಗಿದ್ದಾರೆ. ಅಚ್ಚಾದ ಪುಸ್ತಕ ಇಲ್ಲಿ ಯಾವಾಗಲೂ ಹಿಂದೆ. ದೋರು ಮತ್ತು ಪೋರ್ಟ್ ವೈನ್ ಸಂಸ್ಥೆಯ ಜಾಲತಾಣ, ಪೋರ್ಚುಗೀಸ್ ಪತ್ರಿಕೆ ಎರಡನ್ನೂ ನೋಡಿ. ಅನುವಾದ ಮಾಡಿಕೊಂಡು ಓದಬಹುದು.

ಸುರತ್ಕಲ್ ಸುಮ್ನೆ: ಪ್ರಪಂಚದಲ್ಲಿ ಮೊದಲು ಗಡಿ ಹಾಕಿದ ವೈನ್ ಸೀಮೆ ಇದೇ ಅಂತ ನನ್ನ ವಿಡಿಯೊದಲ್ಲಿ ಹೇಳಿದರಪ್ಪ. ಅಷ್ಟು ಗೊತ್ತಾದರೆ ಸಾಲದಾ?

ಕಾಪು ಲೈಟ್‌ಹೌಸ್: ಅದೇ ತೊಂದರೆ ನೋಡಿ. ಇಟಲಿಯ ಕಿಯಾಂಟಿಗೆ 1716ರಲ್ಲೇ ಗಡಿ ಹಾಕಿದ್ದರು. ಹಂಗೆರಿಯ ಟೋಕಾಯ್ ಕೂಡ ದೋರುಗಿಂತ ಹಿಂದಿನದು. ಗಡಿಯ ಜೊತೆಗೆ ಬೆಲೆ, ದರ್ಜೆ, ತಪಾಸಣೆ ಎಲ್ಲ ಒಟ್ಟಿಗೆ ತಂದದ್ದರಲ್ಲಿ ದೋರು ಮೊದಲು ಅಂದರೆ ಒಂದು ಮಾತು. ಸುಮ್ನೆ ‘ಮೊದಲು’ ಅಂತ ಬರೆದ ಪುಸ್ತಕವನ್ನು ನಾನಂತೂ ಕೆಳಗಿಡುತ್ತೇನೆ.

ಮಣಿಪಾಲದಕ್ಕ: ಕೊನೆಗೊಂದು ಕಾದಂಬರಿ. ಮಿಗೆಲ್ ಟೋರ್ಗಾ ಅವರ ‘ವಿಂದೀಮ’, 1945ರದ್ದು. ಸುಗ್ಗಿಗೆ ಬೆಟ್ಟದ ಊರುಗಳಿಂದ ಇಳಿದು ಬರುವ ಕೂಲಿಯವರ ಕತೆ.

ಹಳೇ ಬಂದರು: ಕೇಳಿದ್ದು ಇತಿಹಾಸ ಅಕ್ಕ, ಕಾದಂಬರಿ ಅಲ್ಲ.

ಮಣಿಪಾಲದಕ್ಕ: ನಮ್ಮ ಜಿಲ್ಲೆಯ ಗೇಣಿಯವರ ಬದುಕು ನಿಮಗೆ ಗೆಜೆಟಿಯರ್‌ನಿಂದ ಗೊತ್ತಾಯಿತಾ, ಕಾರಂತರಿಂದ ಗೊತ್ತಾಯಿತಾ? ಕಂಪನಿಯ ಕಡತದಲ್ಲಿ ಪೀಪಾಯಿ ಲೆಕ್ಕ ಸಿಗುತ್ತದೆ, ಬೆನ್ನಿನ ನೋವು ಸಿಗುವುದಿಲ್ಲ.

ಹಳೇ ಬಂದರು: ಆಯಿತು, ಮೇಸನ್ ಆದಮೇಲೆ ಓದಲಿ. ಮೊದಲೇ ಬೇಡ.

ಕಂಕನಾಡಿ ಓದುಗ: ವಿಜಿಟೆಲಿ ಫೋನಿಗೆ ಇಳಿಸಿಕೊಂಡೆ. ಮೇಸನ್ ಹೊಸ ಆವೃತ್ತಿಗೆ ಆರ್ಡರ್ ಹಾಕುತ್ತೇನೆ. ಟೋರ್ಗಾ ಅನುವಾದ ಯಾರ ಹತ್ತಿರವಾದರೂ ಉಂಟಾ?

ಮಣಿಪಾಲದಕ್ಕ: ನನ್ನಲ್ಲುಂಟು. ಕೊಡುವುದಿಲ್ಲ. ಮನೆಗೆ ಬಂದು ಓದಿ, ಚಾ ಕೊಡುತ್ತೇನೆ.