ತುರ್ತಾಗಿ ಪದ ಬೇಕು: ಕುದುರೆಯ ಮೇಲೆ ಒಂದೇ ಕಡೆ ಭಾರ ಹಾಕಿ ಕುಳಿತುಕೊಳ್ಳುವುದಕ್ಕೆ

ಬಳಗದವರಿಗೆ ನಮಸ್ಕಾರ.

ನಮ್ಮ ಊರಿನ ಹೊರವಲಯದಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುತ್ತಾರೆ. ಅಲ್ಲಿನ ಗೋಡೆಗೆ ಸೂಚನಾ ಫಲಕ ಬರೆಸಬೇಕೆಂದು ಇಂಗ್ಲಿಷ್ ಹಾಳೆಯೊಂದನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಉಳಿದ ಸಾಲುಗಳೆಲ್ಲ ಕನ್ನಡಕ್ಕೆ ಬಂದವು. ‘ಅನ್‌ಈವನ್ ಸೀಟ್’ ತಿದ್ದಿಕೊಳ್ಳುವುದು ಎಂಬ ತಲೆಬರಹ ಮಾತ್ರ ಉಳಿದಿದೆ. ಜೀನಿನ ಮೇಲೆ ಕುಳಿತ ಸವಾರನ ಭಾರ ಎರಡೂ ಮಗ್ಗುಲಿಗೆ ಸಮನಾಗಿ ಬೀಳಬೇಕು. ಬೀಳದಿದ್ದರೆ ಅದಕ್ಕೆ ಏನೆನ್ನಬೇಕು?

‘ಅಸಮ ಆಸನವನ್ನು ಸರಿಪಡಿಸುವುದು’ ಎಂದು ಬರೆದು, ಕುದುರೆ ನೋಡಿಕೊಳ್ಳುವ ಹುಡುಗನಿಗೆ ಓದಿ ಹೇಳಿದೆ. ಅವನು ಎದ್ದು ಹೋಗಿ, ಜೀನನ್ನು ಅತ್ತಿತ್ತ ಅಲುಗಾಡಿಸಿ ನೋಡಿ, ಹೊಟ್ಟೆಯ ಕೆಳಗಿನ ಪಟ್ಟಿಯನ್ನು ಇನ್ನೊಂದು ತೂತಿಗೆ ಬಿಗಿದು ಬಂದು, ‘ಸರಿ ಮಾಡಿದೆ ಸರ್’ ಎಂದ. ಪದ ಕೆಲಸಕ್ಕೆ ಬಾರದು ಎಂದು ಆಗಲೇ ಗೊತ್ತಾಯಿತು. ಬಣ್ಣ ಬರೆಯುವವರು ನಾಳೆ ಮಧ್ಯಾಹ್ನ ಬರುತ್ತಾರೆ. ದಯವಿಟ್ಟು ಬೇಗ ತಿಳಿಸಿ.

— ವಿಜಯಪುರದಿಂದ

ಸರ್,

‘ಅಸಮ’ ಸಂಸ್ಕೃತ, ‘ಆಸನ’ ಸಂಸ್ಕೃತ. ಎರಡನ್ನೂ ಬಿಡಿ. ನಿಮ್ಮ ಪತ್ರದಲ್ಲಿರುವ ‘ಜೀನು’, ‘ಸವಾರ’ ಪಾರಸಿ. ಫಲಕದಲ್ಲಿ ‘ಲಗಾಮು’, ಸವಾರ ಕಾಲಿಡುವ ‘ರಿಕಾಪು’ಗಳೂ ಇರಬೇಕು, ಅವೂ ಹೊರಗಿನವೇ. ಜೀನಿಗೆ ಹಲ್ಲಣ, ರಿಕಾಪಿಗೆ ಅಂಕವಣಿ, ಲಗಾಮಿಗೆ ಕಡಿವಾಣ ಎಂಬ ಗಟ್ಟಿ ಕನ್ನಡ ಪದಗಳಿರುವಾಗ ಕಡ ತರುವ ಅಗತ್ಯವೇನು?

ಸೀಟಿಗೆ ‘ಕೂರ್ಕೆ’ ಎನ್ನಿ. ಆಳು–ಆಳ್ಕೆ, ಬಾಳು–ಬಾಳ್ಕೆ ಇದ್ದಂತೆ ಕೂರು–ಕೂರ್ಕೆ. ಹಿಂದೆ ‘ಓರೆ’ ಸೇರಿಸಿದರೆ ‘ಓರೆಗೂರ್ಕೆ’. ಅದನ್ನು ತಿದ್ದುವುದು. ಇಷ್ಟಕ್ಕೆ ಇಷ್ಟು ಚರ್ಚೆ ಬೇಕಿಲ್ಲ.

— ಬಾಗಲಕೋಟೆಯಿಂದ

ಗೆಳೆಯರೇ,

‘ಓರೆಗೂರ್ಕೆ’ ಬೇಡ. ಗೋಡೆಯ ಮೇಲೆ ಅದನ್ನು ಓದಿದ ಮಗುವಿಗೆ ಏನೂ ತಿಳಿಯುವುದಿಲ್ಲ, ಹಳಗನ್ನಡ ಬಲ್ಲವರಿಗೆ ತಪ್ಪಾಗಿ ತಿಳಿಯುತ್ತದೆ. ಕೂರ್ ಎಂದರೆ ಪ್ರೀತಿಸು. ಕೂರ್ಮೆ ಬಂದದ್ದು ಅದರಿಂದ. ಮೇಲಾಗಿ ‘ಕೂರು’ ಮೈಸೂರು ಕಡೆಯ ರೂಪ. ಬಾಗಲಕೋಟೆಯ ಮನೆಗಳಲ್ಲಿ ಬಂದವರನ್ನು ಕೂಡ್ರಿಸುತ್ತಾರೆ. ಅಲ್ಲಿದ್ದುಕೊಂಡು ‘ಕೂರ್ಕೆ’ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

‘ಹಲ್ಲಣ’ವನ್ನೂ ಆ ಪಟ್ಟಿಯಿಂದ ತೆಗೆಯಿರಿ. ಸಂಸ್ಕೃತದ ಪರ್ಯಾಣ ಪ್ರಾಕೃತದ ದಾರಿಯಲ್ಲಿ ಬಂದು ಪಲ್ಲಣವಾಯಿತು, ಆಮೇಲೆ ಹಲ್ಲಣ. ಕೊಟ್ಟ ಕುದುರೆಯನ್ನು ಏರಲರಿಯದವರ ಕುರಿತ ಅಲ್ಲಮನ ವಚನದಲ್ಲಿ ಅದು ಬಹಳ ಚೆನ್ನಾಗಿ ಕುಳಿತಿದೆ. ಆದರೆ ಇಂದು ಲಾಯದಲ್ಲಿ ನಿಂತು ‘ಹಲ್ಲಣ ತಾ’ ಎಂದರೆ ಯಾರೂ ತರುವುದಿಲ್ಲ. ಅಚ್ಚಗನ್ನಡವೇ ಬೇಕಿದ್ದರೆ ತಡಿ ಇತ್ತು, ಅದನ್ನು ನೀವು ಹೇಳಲೇ ಇಲ್ಲ. ಅದಕ್ಕೂ ಈಗ ಹೊಳೆಯ ದಡವೆಂಬ ಅರ್ಥವೇ ಮುಂದೆ ಬರುತ್ತದೆ. ಕಡಿವಾಣ ಬೆಲೆಯೇರಿಕೆಗೆ ಹಾಕುವ ಮಾತಾಗಿ ಪತ್ರಿಕೆಗಳಲ್ಲಿ ಬದುಕಿದೆ. ಕುದುರೆಯ ಬಾಯಿಗೆ ಲಗಾಮೇ.

ಇನ್ನು ವಿಜಯಪುರದವರ ಪ್ರಶ್ನೆಗೆ. ಬಸ್ಸಿನಲ್ಲಿ ‘ಮಹಿಳೆಯರ ಆಸನ’ ಎಂದು ಓದಿ ಬೆಳೆದವರಿಗೆ ಆಸನವೆಂದರೆ ಕುಳಿತುಕೊಳ್ಳುವ ವಸ್ತು. ಕುಳಿತುಕೊಳ್ಳುವ ರೀತಿ ಎಂಬ ಅರ್ಥ ಯೋಗ ಮಾಡುವವರಲ್ಲಿ ಉಳಿದಿದೆ, ಅಷ್ಟೆ. ಸವಾರಿಯವರು ಸೀಟ್ ಎನ್ನುವುದು ರೀತಿಗೆ, ವಸ್ತುವಿಗಲ್ಲ. ಆ ಹುಡುಗ ಜೀನು ಬಿಗಿದದ್ದು ಸರಿಯಾಗಿಯೇ ಇದೆ. ಹಿಂದಿಯ ‘ಬೈಠಕ್’ ಆಗಬಹುದೆಂದು ಬಳಗದ ಒಬ್ಬರು ನನಗೆ ಬೇರೆಯಾಗಿ ಬರೆದಿದ್ದಾರೆ. ನಮ್ಮ ಕಡೆಯ ಗರಡಿಮನೆಗಳಲ್ಲಿ ಬೈಠಕ್ ಎಂದರೆ ಕುಕ್ಕರಿಸಿ ಏಳುವ ಕಸರತ್ತು. ಅದೂ ಬೇಡ.

ಪದ ಹುಡುಕುವ ಮೊದಲು ತಪ್ಪು ಏನೆಂದು ನೋಡಬೇಕು. ಸವಾರ ಬಲ ಪಕ್ಕೆಯನ್ನು ಕುಸಿಯಬಿಟ್ಟ ಎಂದುಕೊಳ್ಳಿ. ಬಲ ಹೆಗಲು ಕೆಳಗಿಳಿಯುತ್ತದೆ, ಸೊಂಟ ಎಡಕ್ಕೆ ಸರಿಯುತ್ತದೆ, ಭಾರವೆಲ್ಲ ಪೃಷ್ಠದ ಎಡ ಮೂಳೆಯ ಮೇಲೆ ಹೋಗಿ ಕೂಡುತ್ತದೆ. ಹಿಂದೆ ನಿಂತು ನೋಡುವವರಿಗೆ ಅವನು ಬಲಕ್ಕೆ ವಾಲಿದಂತೆ ಕಾಣುತ್ತಾನೆ, ಕುದುರೆಯ ಬೆನ್ನಿಗೆ ಒತ್ತುತ್ತಿರುವುದು ಎಡಗಡೆ. ‘ಓರೆ’, ‘ವಾಲು’ ಎಂಬ ಪದಗಳು ಇಲ್ಲಿ ನಿಜವಾಗಿ ಕೆಡುಕು ಮಾಡುತ್ತವೆ. ‘ಬಲಕ್ಕೆ ವಾಲಿದ್ದೀಯ’ ಎಂದರೆ ಮಗು ಮೈಯನ್ನು ಎಡಕ್ಕೆ ಎಳೆದುಕೊಳ್ಳುತ್ತದೆ, ಮೊದಲೇ ಭಾರವಿದ್ದ ಕಡೆಗೆ ಮತ್ತಷ್ಟು ಭಾರ ಬೀಳುತ್ತದೆ. ಆದ್ದರಿಂದ ಮೈಗೆ ‘ಪಕ್ಕೆ ಕುಸಿಯುವುದು’ ಎನ್ನಿ, ತೂಕಕ್ಕೆ ‘ಭಾರ’ ಎನ್ನಿ. ಎರಡನ್ನೂ ಒಂದೇ ಪದದಲ್ಲಿ ತುರುಕಬೇಡಿ.

ತಲೆಬರಹಕ್ಕೆ ನನ್ನ ಸಲಹೆ ‘ಮಗ್ಗುಲುಭಾರ’. ಗಾಡಿಗೆ ಹೇರು ಹಾಕುವವರು ಮುಂಭಾರ, ಹಿಂಭಾರ ಎನ್ನುತ್ತಾರಲ್ಲ, ಅದೇ ಅಚ್ಚು. ನೊಗ ಕಟ್ಟುವ ಮೂಕಿ ಮೇಲೆದ್ದರೆ ಹಿಂಭಾರ, ಎತ್ತಿನ ಹೆಗಲು ಜಗ್ಗಿದರೆ ಮುಂಭಾರ. ಪಕ್ಕಕ್ಕೆ ಬಿದ್ದದ್ದು ಮಗ್ಗುಲುಭಾರ ಎಂದರೆ ಟಾಂಗಾ ಓಡಾಡುವ ವಿಜಯಪುರದಲ್ಲಿ ಯಾರಿಗೂ ಅರ್ಥ ಹೇಳಿಕೊಡಬೇಕಾಗಿಲ್ಲ.

ಕೆಳಗಿನ ಸಾಲುಗಳಲ್ಲಿ ಮೊದಲು ರಿಕಾಪಿನ ಪಟ್ಟಿ ಬರಲಿ. ಎಲ್ಲರೂ ಎಡಗಡೆಯಿಂದ ಹತ್ತುತ್ತಾರೆ, ಹತ್ತುವವನ ಮೈಭಾರವೆಲ್ಲ ಎಡ ಪಟ್ಟಿಯ ಮೇಲೆ ಬೀಳುತ್ತದೆ, ಚರ್ಮ ದಿನ ಕಳೆದಂತೆ ಹಿಗ್ಗುತ್ತದೆ. ತೂತು ಎಣಿಸಿದರೆ ಎರಡೂ ಕಡೆ ಒಂದೇ, ಅಳೆದರೆ ಎಡಗಡೆಯದು ಉದ್ದ. ಕುದುರೆಯ ಎದುರಿಗೆ ನಿಂತು ಎರಡೂ ರಿಕಾಪುಗಳನ್ನು ನೋಡಿದರೆ ಗೊತ್ತಾಗುತ್ತದೆ. ಪಟ್ಟಿಗಳನ್ನು ಆಗಾಗ ಅದಲುಬದಲು ಮಾಡಬೇಕು, ಹತ್ತುವುದಕ್ಕೆ ಕಟ್ಟೆ ಇರಬೇಕು. ಪಟ್ಟಿ ಸರಿಯಿದ್ದೂ ಒಂದು ಕಾಲು ಗಿಡ್ಡವೆನಿಸಿದರೆ ಆ ಕಡೆಯ ಪಟ್ಟಿಯನ್ನು ಮೋಟು ಮಾಡಬಾರದು. ಹಾಗೆ ಮಾಡಿದರೆ ಕುಸಿದ ಪಕ್ಕೆ ಕುಸಿದೇ ಉಳಿಯುತ್ತದೆ. ಕಾಲುಗಳನ್ನು ರಿಕಾಪಿನಿಂದ ಬಿಡಿಸಿ ಇಳಿಬಿಟ್ಟು, ಅಂಗೈಗಳನ್ನು ಪೃಷ್ಠದ ಕೆಳಗಿಟ್ಟು ಅಲ್ಲಿನ ಎರಡು ಮೂಳೆಗಳಲ್ಲಿ ಯಾವುದು ಹೆಚ್ಚು ಒತ್ತುತ್ತಿದೆ ಎಂದು ನೋಡಬೇಕು. ಕುಸಿದ ಪಕ್ಕೆಯ ಕೈಯನ್ನು ಮೇಲೆತ್ತಿದರೆ ಆ ಪಕ್ಕೆ ತಾನಾಗಿ ಹಿಗ್ಗುತ್ತದೆ. ಈ ಹೊತ್ತಿನಲ್ಲಿ ಕುದುರೆಯ ಹಗ್ಗ ಕಲಿಸುವವರ ಕೈಯಲ್ಲಿರಬೇಕು.

ಒಂದು ಸಾಲು ದೊಡ್ಡವರಿಗಾಗಿ ಸೇರಿಸಿ. ಯಾರು ಹತ್ತಿದರೂ ಜೀನು ಒಂದೇ ಕಡೆಗೆ ಜರುಗುತ್ತಿದ್ದರೆ ತಪ್ಪು ಸವಾರನದಲ್ಲ. ಜೀನಿನೊಳಗಿನ ತುಂಬು ಒಂದು ಕಡೆ ಕುಗ್ಗಿರಬಹುದು, ಅಥವಾ ಕುದುರೆ ಹಿಂಗಾಲಲ್ಲಿ ಕುಂಟುತ್ತಿರಬಹುದು. ಆ ಕುಂಟು ಕಣ್ಣಿಗೆ ಕಾಣುವ ಮೊದಲೇ ಜೀನಿನಲ್ಲಿ ಕಾಣಿಸಿಕೊಳ್ಳುವುದುಂಟು. ಆಗ ಬೇಕಾದದ್ದು ಪಶುವೈದ್ಯರು. ಇದಕ್ಕೆ ‘ಜೀನು ಜರುಗುವುದು’ ಎಂದೇ ಇರಲಿ, ಮಗ್ಗುಲುಭಾರದ ಜೊತೆ ಬೆರೆಸಬೇಡಿ.

— ಬೆಳಗಾವಿಯಿಂದ

ಪರ್ಯಾಣ ನನಗೂ ಗೊತ್ತು. ತದ್ಭವವಾದದ್ದು ಕನ್ನಡವೇ, ವ್ಯಾಕರಣಕಾರ ಕೇಶಿರಾಜ ಅದಕ್ಕೊಂದು ಪ್ರಕರಣವನ್ನೇ ಕೊಟ್ಟಿದ್ದಾನೆ. ಪಕಾರ ಹಕಾರವಾದದ್ದು ನಮ್ಮ ನಾಲಿಗೆಯ ಮೇಲೆ. ಜೀನಿಗೆ ಅಂಥ ಸಂಸ್ಕಾರ ಆಗಿಲ್ಲ. ‘ಭಾರ’ವೂ ಬೇಡ, ‘ಹೊರೆ’ ಎನ್ನಿ. ಅಂಗಡಿಗಳ ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನನ್ನೇ ತಿದ್ದಿದ್ದಾರೆ. ಅಕ್ಷರ ಮಾತ್ರ ಕನ್ನಡವಾಗಿ ಮಾತೆಲ್ಲ ಪಾರಸಿಯಾದರೆ ಆ ಹೋರಾಟಕ್ಕೆ ಏನು ಬೆಲೆ? ಗಡಿಯಲ್ಲಿರುವವರು ಇದನ್ನು ಮೊದಲು ಯೋಚಿಸಬೇಕು.

— ಬಾಗಲಕೋಟೆಯಿಂದ

ಗಡಿಯಲ್ಲಿರುವುದರಿಂದಲೇ ಹೇಳುತ್ತಿದ್ದೇನೆ. ಬೆಳಗಾವಿಯಲ್ಲಿ ಮರಾಠಿಯವರು ಖೋಗೀರ ಎನ್ನುವುದನ್ನು ನಾವು ಜೀನು ಎನ್ನುತ್ತೇವೆ. ಪಾರಸಿಯ ಪದದ ಕೊನೆಯಲ್ಲಿ ಉಕಾರವಿರಲಿಲ್ಲ, ಮೊದಲ ದನಿ ನಮ್ಮ ಜಕಾರವಾಗಿರಲಿಲ್ಲ. ಅವೆರಡನ್ನೂ ಬದಲಿಸಿದ ನಾಲಿಗೆ ಯಾರದು? ಹಲ್ಲಣಕ್ಕೆ ಸಿಕ್ಕ ಸಂಸ್ಕಾರ ಜೀನಿಗೂ ಸಿಕ್ಕಿದೆ. ವಿಜಯಪುರ 1490ರಿಂದ 1686ರವರೆಗೆ ಆದಿಲ್‌ಶಾಹಿಗಳ ರಾಜಧಾನಿ. ಅಷ್ಟು ಕಾಲ ಕುದುರೆ ದಂಡು ಸಾಕಿದ ಊರಿನ ಮಕ್ಕಳಿಗೆ ಜೀನು ಕನ್ನಡವಲ್ಲ ಎಂದು ಹೇಳುವ ಅಧಿಕಾರ ನನಗಿಲ್ಲ, ನಿಮಗೂ ಇಲ್ಲ. ‘ಹೊರೆ’ ತಲೆಯ ಮೇಲೆ, ಬೆನ್ನ ಮೇಲೆ ಹೊತ್ತುಕೊಳ್ಳುವ ಕಟ್ಟು. ಸವಾರನ ಮೈತೂಕಕ್ಕೆ ಅದು ಹೊಂದುವುದಿಲ್ಲ.

— ಬೆಳಗಾವಿಯಿಂದ

ಇಬ್ಬರಿಗೂ ವಂದನೆಗಳು. ‘ಮಗ್ಗುಲುಭಾರ ತಿದ್ದಿಕೊಳ್ಳಿ’ ಎಂದೇ ಬರೆಸುತ್ತಿದ್ದೇನೆ. ಕೆಳಗೆ: ‘ರಿಕಾಪಿನ ಪಟ್ಟಿಗಳು ಸಮ ಇವೆಯೇ ಅಳೆಯಿರಿ. ಕಾಲು ಬಿಡಿಸಿ ಸಡಿಲವಾಗಿ ಕುಳಿತುಕೊಳ್ಳಿ. ಕುಸಿದ ಪಕ್ಕೆಯ ಕೈ ಮೇಲೆತ್ತಿ. ಎದುರು ದಿಕ್ಕಿಗೆ ಮೈ ಎಳೆಯಬೇಡಿ.’ ಬಾಗಲಕೋಟೆಯ ಗುರುಗಳು ಮುನಿಸಿಕೊಳ್ಳಬಾರದು. ಅಂಕವಣಿಯನ್ನು ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಹೊಟ್ಟೆಯ ಕೆಳಗಿನ ಪಟ್ಟಿಗೆ ‘ತಂಗ’ ಎನ್ನಲೇ?

— ವಿಜಯಪುರದಿಂದ

ತಂಗ ಮರಾಠಿಯಲ್ಲಿ ಬಳಕೆಯಲ್ಲಿದೆ. ನಿಮ್ಮ ಲಾಯದವರು ಅದನ್ನು ಆಡುತ್ತಿದ್ದರೆ ಹಾಗೆಯೇ ಬರೆಯಿರಿ. ಇಲ್ಲದಿದ್ದರೆ ‘ಹೊಟ್ಟೆಪಟ್ಟಿ’ ಸಾಕು. ‘ಎಳೆಯಬೇಡಿ’ ಎಂಬ ಸಾಲನ್ನು ಕೆಂಪು ಬಣ್ಣದಲ್ಲಿ ಬರೆಸಿ, ಮಕ್ಕಳು ತಪ್ಪುವುದು ಅಲ್ಲಿಯೇ.

— ಬೆಳಗಾವಿಯಿಂದ