ಸಿಡಿಎಸ್: ಗಣಿತ ಬಿಟ್ಟು ಒಟಿಎಗೆ ಮಾತ್ರ ಓದಲಾ?

ಎಲ್ಲರಿಗೂ ನಮಸ್ಕಾರ. ಮಂಡ್ಯದವನು, ಮೈಸೂರಲ್ಲಿ ಕೊನೇ ವರ್ಷದ ಬಿ.ಎ. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಸೇನೆಯಲ್ಲಿ ಆಫೀಸರ್ ಆಗಬೇಕು ಅನ್ನೋದು ಬಿಟ್ಟು ನನಗೆ ಬೇರೆ ಆಸೆ ಇಲ್ಲ.

ಒಂದು ಸಲ ಸಿಡಿಎಸ್ (ಸೇನೆಗೆ ಆಫೀಸರ್‌ಗಳನ್ನ ಆರಿಸೋಕೆ ಯುಪಿಎಸ್‌ಸಿ ನಡೆಸೋ ಪರೀಕ್ಷೆ) ಬರೆದೆ, ಗಣಿತದಲ್ಲೇ ಹೋಯ್ತು. 120 ನಿಮಿಷಕ್ಕೆ 100 ಪ್ರಶ್ನೆ, ತಪ್ಪಾದ್ರೆ ಮೂರನೇ ಒಂದು ಭಾಗ ಅಂಕ ಕಟ್. ಒಂಬತ್ತು, ಹತ್ತನೇ ಕ್ಲಾಸಿನ ಎನ್‌ಸಿಇಆರ್‌ಟಿ ಪುಸ್ತಕ ಎರಡು ಸಲ ಮುಗಿಸಿದೀನಿ, ಹಳೇ ಪೇಪರ್‌ಗಳನ್ನೂ ಬಿಡಿಸಿದೀನಿ. ಲೆಕ್ಕ ಬರುತ್ತೆ, ಆದ್ರೆ ತ್ರಿಕೋನಮಿತಿ ಬಂದ ತಕ್ಷಣ ಟೈಮ್ ಸಾಲಲ್ಲ. ಅಪ್ಪ ಕಬ್ಬಿನ ದುಡ್ಡಲ್ಲಿ ಕೋಚಿಂಗಿಗೆ ಕಟ್ಟಿದ್ರು, ಮತ್ತೆ ಕೇಳೋಕೆ ಮನಸ್ಸು ಬರ್ತಿಲ್ಲ.

ಇದೇ ಪರೀಕ್ಷೆಯಿಂದ ಡೆಹ್ರಾಡೂನ್ ಐಎಂಎಗೆ (ಇಂಡಿಯನ್ ಮಿಲಿಟರಿ ಅಕಾಡೆಮಿ) ಹೋಗೋಕೆ ಗಣಿತ ಬೇಕೇ ಬೇಕು. ಚೆನ್ನೈ ಒಟಿಎಗೆ (ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ) ಇಂಗ್ಲಿಷ್, ಸಾಮಾನ್ಯ ಜ್ಞಾನ ಎರಡೇ ಪೇಪರ್.

ಪಾಸಾಗಿರೋ ಅಣ್ಣ-ಅಕ್ಕಂದಿರೇ, ಉಳಿದಿರೋ ನಾಲ್ಕು ತಿಂಗಳಲ್ಲಿ ಗಣಿತ ಪೂರ್ತಿ ಬಿಟ್ಟು ಒಟಿಎಗೆ ಮಾತ್ರ ಓದಲಾ, ಇಲ್ಲಾ ದಿನಕ್ಕೆರಡು ಗಂಟೆ ಗಣಿತಕ್ಕೆ ಕೊಟ್ಟು ಎರಡಕ್ಕೂ ಪ್ರಯತ್ನಿಸಲಾ?